ಹಾರದೊಳಗಿನ ಮೈದುನ

ಉಡುಮಲೈಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮತ್ತೆ ರಾಮಕ್ಕಾಳಿಗೆ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ ಮಗಳು ಕೌಸಲ್ಯಾ ೨೦೦೮ರಲ್ಲಿ ಒಂದು ಡಿಜಿಟಲ್ ಫೋಟೋ ಫ್ರೇಮ್ ತಂದುಕೊಟ್ಟಳು. ಸ್ವಿಚ್ ಹಾಕಿದೊಡನೆ ಅದರಲ್ಲಿ ತೀರಿಕೊಂಡ ಮಾವನ ಮುಖ ಕಾಣಿಸಿತು. ಅತ್ತೆಗೆ ಅಷ್ಟೇ ಸಾಕಾಯಿತು. ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿದರು. ಮಾವನ ಹಣೆಗೆ ಕುಂಕುಮ ಇಟ್ಟು, ಮಲ್ಲಿಗೆ ಹಾರ ಹಾಕಿ, ಕಣ್ಣು ಮುಚ್ಚಿ ಕೈಮುಗಿದರು. ಆದರೆ ಅದು ಫೋಟೋ ಬದಲಿಸುತ್ತಲೇ ಇರುವ ಫ್ರೇಮು. ಕಣ್ಣು ಬಿಟ್ಟಾಗ ಹಾರದೊಳಗೆ ಅತ್ತೆಯ ಮೈದುನ ಕಾಳಿಯಪ್ಪ ನಗುತ್ತಿದ್ದ. ಕುಂಕುಮ ಅವನ ಮೂಗಿನ ಮೇಲಿತ್ತು.

"ಅಯ್ಯೋ ಸಾಮಿ, ಉಸಿರಾಡೋ ಮನುಷಂಗೆ ಮಾಲೆ ಹಾಕ್ಬುಟ್ನಲ್ಲೇ!"

ಕೌಸಲ್ಯಾ ಬಟನ್ ಒತ್ತಿ ಮಾವನ ಫೋಟೋ ನಿಲ್ಲಿಸಿದಳು. ಕರೆಂಟ್ ಹೋಗಿ ಬಂದರೆ ಆ ದರಿದ್ರ ಯಂತ್ರ ಮತ್ತೆ ನೆಂಟರನ್ನೆಲ್ಲ ತೋರಿಸುತ್ತಿತ್ತು. ಆ ವರ್ಷ ಕರೆಂಟ್ ಹೋಗದ ದಿನವೇ ಇರಲಿಲ್ಲ.

"ಮಿಕ್ಕೋರ ಫೋಟೋ ಅಳಿಸಿಬುಡ್ಲಾ ಅಮ್ಮಾ?"

"ಬದುಕಿರೋರ್ನ ಅಳಿಸ್ತಾರೇನೇ, ಬುದ್ಧಿಗೇಡಿ!"

ಹಾರ ತೆಗೆಯೋಣವೆಂದರೆ ಸತ್ತವರಿಗೆ ಅವಮಾನ. ಹೀಗೆ ನಮ್ಮ ಬಂಧುಬಳಗವೆಲ್ಲ ದಿನವೂ ಸರದಿಯಂತೆ ಸ್ವರ್ಗಸ್ಥರಾಗುತ್ತಿದ್ದರು. ಕೊನೆಗೊಂದು ದಿನ ಫ್ರೇಮೇ ಕೆಟ್ಟು ಪರದೆ ಕಪ್ಪಾಯಿತು. ಅತ್ತೆ ಗಾಜು ಒರೆಸಿ, ಅಂದಾಜಿನ ಮೇಲೆ ಹಣೆ ಗುರುತಿಸಿ ಕುಂಕುಮ ಇಟ್ಟು, ಹೊಸ ಹಾರ ಹಾಕಿದರು.

ಆ ವಾರ ಕಾಳಿಯಪ್ಪ ಬಂದ. "ಇದ್ರಲ್ಲಿ ಯಾರೂ ಕಾಣಲ್ವಲ್ಲ ಅತ್ತಿಗೆ?"

"ನಿಮ್ಮಣ್ಣ ಅವ್ರೆ. ಈಗ ಅವರೊಬ್ರೇ. ನೆಮ್ಮದಿ."

ಅವನು ಹತ್ತಿರ ಹೋಗಿ ಬಗ್ಗಿ ನೋಡಿದ. ಹೊಳೆಯುವ ಕಪ್ಪು ಗಾಜಿನಲ್ಲಿ, ಹಾರದ ನಡುವೆ, ಅವನದೇ ಮುಖ ಮೂಡಿತು. ಈ ಸಲ ಕುಂಕುಮ ಸರಿಯಾಗಿ ಹಣೆಯ ಮೇಲಿತ್ತು.