ಅಡುಗೆಯವರ ಮನೆಯ ಒಲೆ

ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಘಾಟ್ಕೋಪರಿನ ಚಾಳಿನ ಒಂದು ಕೋಣೆಯಲ್ಲಿ, ಪಕ್ಕದ ಮನೆಯ ಟಿವಿ ಕೇಳಿಸದಂತೆ ಕಿವಿಗೆ ಹತ್ತಿ ತುರುಕಿಕೊಂಡು ಓದಿದವಳು. ಹೋದ ವರ್ಷ ಪವಾಯಿಯ ಆಫೀಸೊಂದರಲ್ಲಿ ಕೆಲಸ ಸಿಕ್ಕಿದಾಗ, ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡನ್ನು ಅಪ್ಪ ತಮ್ಮ ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿದ್ದರು. "ನನ್ನ ಮುಖಕ್ಕೆ ಒಪ್ಪುದಿಲ್ಲ ಮಾರಾಯ್ತಿ, ನೀನೇ ಹಾಕು" ಎಂದು ನಕ್ಕಿದ್ದರು.

ಅಪ್ಪ ಹೋಟೆಲಿನ ಅಡುಗೆಯವರು. ಮೀಸೆ ಮೂಡುವ ಮೊದಲೇ ಉಡುಪಿ ಕಡೆಯಿಂದ ಬಂದು ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಸಾಂಬಾರಿನ ಹಂಡೆಯ ಮುಂದೆ ನಿಂತವರು, ಮಂಡಿ ಸವೆದ ಮೇಲೆಯೇ ಹೊರಗೆ ಬಂದದ್ದು. ಆ ಅಡುಗೆಮನೆಯಲ್ಲಿ ಒಬ್ಬ ಹೆಂಗಸನ್ನೂ ನಾನು ನೋಡಿದ್ದಿಲ್ಲ. ಹೆಚ್ಚುವವರು, ರುಬ್ಬುವವರು, ಒಗ್ಗರಣೆ ಹಾಕುವವರು ಎಲ್ಲ ಗಂಡಸರೇ. ಅದೇ ಗಂಡಸರು ಮನೆಗೆ ಬಂದರೆ ಕುಡಿಯುವ ನೀರಿಗೂ ಹೆಂಡತಿಯನ್ನು ಕರೆಯುತ್ತಿದ್ದರು. ಅಪ್ಪನೂ ಹಾಗೆಯೇ. ಚಿಕ್ಕವಳಿದ್ದಾಗ ಇದರಲ್ಲಿ ನನಗೇನೂ ವಿಚಿತ್ರ ಕಂಡಿರಲಿಲ್ಲ. ಹೋಟೆಲಿನಲ್ಲಿ ಅಡುಗೆ ಮಾಡುವುದು ಕೆಲಸ, ಮನೆಯಲ್ಲಿ ಅಡುಗೆ ಮಾಡುವುದು ಅಮ್ಮ.

ನನ್ನ ಟ್ರೈನಿಂಗ್ ಇನ್ನೂ ಮುಗಿದಿರಲಿಲ್ಲ. ನಡುವೆ ತಪ್ಪಿಸಿದವರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅಂಥ ಹೊತ್ತಿನಲ್ಲಿ ಅಮ್ಮ ನಲ್ಲಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೊಣಕೈ ದಾಟಿ ಪ್ಲಾಸ್ಟರ್ ಹಾಕಿದರು.

ದಹಿಸರಿನಿಂದ ಅತ್ತೆ ನೋಡಲು ಬಂದರು. ಅತ್ತೆ ಎಂದರೆ ಅಪ್ಪನ ಅಕ್ಕ. ಮೋಸಂಬಿ ಚೀಲ ಕೆಳಗಿಡುವ ಮೊದಲೇ ಕೇಳಿದರು: "ಮಗಳು ಎಷ್ಟು ದಿನ ರಜೆ ಹಾಕಿದ್ದಾಳೆ?"

"ನನಗೆ ರಜೆ ಸಿಗುದಿಲ್ಲ ಅತ್ತೆ. ಹಾಕಿದ್ರೆ ಕೆಲಸವೇ ಹೋಗ್ತದೆ."

"ಹಾಗಾದ್ರೆ ಅಡುಗೆ?"

ಜೀವಮಾನವಿಡೀ ಅಡುಗೆ ಮಾಡಿದ ಮನುಷ್ಯ ಅವರ ಎದುರಿಗೇ ಕುಳಿತಿದ್ದರು. ಅತ್ತೆಯ ಕಣ್ಣು ಅವರನ್ನು ದಾಟಿ ಬಂದು ನನ್ನ ಮೇಲೆ ನಿಂತಿತು.

"ಯಾರನ್ನಾದ್ರೂ ಅಡುಗೆಗೆ ಇಟ್ಟುಕೊಳ್ಳುವ" ಎಂದೆ.

"ಅಡುಗೆಯವನ ಮನೆಗೆ ಅಡುಗೆಯವಳಾ! ನಗ್ತಾರೆ ಜನ."

"ಹೋಟೆಲಿಂದ ಡಬ್ಬಿ ತರಿಸುವ ಹಾಗಾದ್ರೆ."

ಅದಕ್ಕೆ ಮಲಗಿದ್ದಲ್ಲಿಂದಲೇ ಅಮ್ಮ, "ನನಗೆ ಬೇಡಪ್ಪ. ಅಲ್ಲಿ ಎಲ್ಲದಕ್ಕೂ ಸೋಡಾ ಹಾಕ್ತಾರೆ. ನಿಮ್ಮ ತಮ್ಮನೇ ಹೇಳಿದ್ದು" ಎಂದಳು. ಅಪ್ಪ ಕೆಮ್ಮಿ ಕಿಟಕಿಯ ಕಡೆ ತಿರುಗಿದರು.

ಅತ್ತೆ ಹೋದ ಮೇಲೆ ಅಪ್ಪ ನನ್ನ ಬಳಿ ಬಂದು, ಯಾರಿಗೂ ಕೇಳಬಾರದೆಂಬಂತೆ ಹೇಳಿದರು: "ನೀನು ಆಫೀಸಿಗೆ ಹೋಗು ಮಗಾ. ನಾನು ಮಾಡ್ತೇನೆ."

ಮರುದಿನ ಭಾನುವಾರ. ಅಪ್ಪ ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ತೊಗರಿಬೇಳೆಯ ಡಬ್ಬಕ್ಕೆ ಕೈ ಹಾಕಿದರು. ಅವರ ಅಳತೆಯೆಲ್ಲ ಇದ್ದದ್ದು ಕೈಯಲ್ಲಿ. ಆ ಕೈಗೆ ಮೂರು ಜನರ ಮನೆ ಗೊತ್ತೇ ಇರಲಿಲ್ಲ. ಬೇಳೆಗೆ ತಕ್ಕ ಹುಣಸೆ, ಹುಣಸೆಗೆ ತಕ್ಕ ನೀರು, ನೀರಿಗೆ ತಕ್ಕ ಉಪ್ಪು, ಉಪ್ಪು ಹೆಚ್ಚಾಯಿತೆಂದು ಇನ್ನಷ್ಟು ಬೇಳೆ. ಕುಕ್ಕರ್ ತುಂಬಿತು, ಅನ್ನದ ಪಾತ್ರೆ ತುಂಬಿತು, ಕೊನೆಗೆ ಕುಡಿಯುವ ನೀರಿನ ಕೊಡವನ್ನೂ ಬರಿದು ಮಾಡಿ ಅದರಲ್ಲಿ ಸಾಂಬಾರು ಸುರಿದರು.

"ಯಾರ ಮದುವೆ ಇವ್ರೇ?" ಅಮ್ಮ ಕೇಳಿದಳು.

"ನಿನ್ನದೇ. ಇನ್ನೊಂದು ಸಲ."

ಅಮ್ಮ ಪ್ಲಾಸ್ಟರಿನ ಕೈ ಹಿಡಿದುಕೊಂಡು ನಕ್ಕಳು. ಅಷ್ಟು ಸಾಂಬಾರು ಏನು ಮಾಡುವುದು? ಚಾಳಿನವರನ್ನೆಲ್ಲ ಕರೆದೆವು. ಮನೆಗಳ ಮುಂದಿನ ಗ್ಯಾಲರಿಯುದ್ದಕ್ಕೂ ಪಾತ್ರೆ ಹಿಡಿದುಕೊಂಡು ನಿಂತರು. ಅಪ್ಪ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು, ಹೋಟೆಲಿನ ಹಳೆಯ ಗತ್ತಿನಲ್ಲಿ ಬಡಿಸಿದರು. ಪಕ್ಕದ ಮನೆಯ ಕಾಲೇಜು ಹುಡುಗಿ ಮೊಬೈಲ್ ಹಿಡಿದು, "ಕಾಕಾ, ಇಧರ್ ದೇಖೋ ನಾ!" ಎಂದು ಕೂಗಿದಳು. ಅಪ್ಪ ಸೌಟು ಎತ್ತಿ ತೋರಿಸಿದರು. ನನಗೆ ಎಷ್ಟು ಹಗುರಾಯಿತೆಂದರೆ, ಆ ಸಂಜೆಯೇ ಆಫೀಸಿನ ಬಟ್ಟೆ ಇಸ್ತ್ರಿ ಮಾಡಿಟ್ಟುಕೊಂಡೆ.

ಆ ವಾರ ಅಪ್ಪ ಕಟ್ಟಿಕೊಟ್ಟ ಡಬ್ಬಿ ಹಿಡಿದು ಆಫೀಸಿಗೆ ಹೋದೆ. ಅಷ್ಟರಲ್ಲಿ ಹುಡುಗಿಯ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹೋಗಿತ್ತು. ಹಾಡು ಹಾಕಿದ್ದಳು, ಕೆಂಪು ಹೃದಯ ಹಾರಿಸಿದ್ದಳು, ಹೆಂಡತಿಗೋಸ್ಕರ ಅಡುಗೆ ಮಾಡುವ ಗಂಡ ಎಂದು ಬರೆದಿದ್ದಳು. ಕೆಳಗೆ ಹೊಗಳಿಕೆಯೇ ಹೊಗಳಿಕೆ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕಂತೆ. ಅಮ್ಮ ಎರಡು ಸಲ ನೋಡಿದಳು. "ನಾನು ಇಷ್ಟು ವರ್ಷ ಮಾಡಿದ್ದಕ್ಕೆ ಯಾರೂ ಹಾಡು ಹಾಕ್ಲಿಲ್ಲ" ಎಂದಳು. ತಮಾಷೆಗೇ ಹೇಳಿದ್ದು ಅಂದುಕೊಂಡೆ.

ಅದು ದಹಿಸರಿಗೂ ತಲುಪಿತು. ಅತ್ತೆಯ ಫೋನ್ ಬಂದಾಗ ಅಪ್ಪ ಎಂದಿನಂತೆ ಸ್ಪೀಕರ್ ಹಾಕಿದ್ದರು.

"ಎಂತ ಅವಸ್ಥೆ ತಮ್ಮಾ ನಿಂದು! ಮಂಡಿ ಹೋದ್ರೂ ಸೌಟು ಬಿಡ್ಲಿಲ್ವಾ? ಮಗಳು ಬ್ಯಾಗ್ ನೇತಾಡಿಸಿಕೊಂಡು ಹೋಗ್ತಾಳೆ, ಅಪ್ಪ ಸೊಂಟಕ್ಕೆ ಸೆರಗು ಕಟ್ಟಿಕೊಂಡು ಬೇಯಿಸಿ ಹಾಕ್ತಾನೆ. ಊರಲ್ಲೂ ಎಲ್ಲರ ಮೊಬೈಲಲ್ಲಿ ಉಂಟು. ಹೆಂಡತಿ ಕೈಯಲ್ಲಿ ಆಗುದಿಲ್ಲ, ಮಗಳಿಗೆ ಬರುದಿಲ್ಲ ಅಂತ ಹೇಳ್ತಿದ್ದಾರೆ. ನಾಳೆ ಅವಳನ್ನು ಯಾರು ಕೇಳಿಕೊಂಡು ಬರ್ತಾರೆ?"

ನನಗೆ ತಡೆಯಲಾಗಲಿಲ್ಲ. "ಹೋಟೆಲಲ್ಲಿ ಮಾಡಿದ್ದೂ ಇದೇ ಸಾಂಬಾರಲ್ವಾ ಅತ್ತೆ?"

"ಅಲ್ಲಿ ಅದು ದುಡಿಮೆ. ಡಿಗ್ರಿ ಕೊಟ್ಟವರು ನಿನಗೆ ಇಷ್ಟೂ ಹೇಳಿಕೊಡ್ಲಿಲ್ವಾ?"

ಅಪ್ಪ ಫೋನ್ ಇಟ್ಟರು. ಆದರೂ ಮರುದಿನ ಬೆಳಿಗ್ಗೆ ಎದ್ದು ಒಲೆಯ ಹತ್ತಿರ ಹೋದರು. ಅದನ್ನು ನಾನು ಮರೆಯುವುದಿಲ್ಲ. ಅವರನ್ನು ತಡೆದದ್ದು ಅತ್ತೆಯಲ್ಲ, ಅಮ್ಮ.

"ಬಿಡಿ. ನೀವು ಹೊರಗೆ ಕೂತ್ಕೊಳ್ಳಿ."

"ನಿನ್ನ ಕೈ..."

"ನಿಮಗೆ ಹೋಟೆಲಿತ್ತು. ಇವಳಿಗೆ ಆಫೀಸು ಉಂಟು. ನನಗಿದ್ದದ್ದು ಇದೊಂದೇ. ನೀವು ಇಲ್ಲಿ ನಿಂತ್ರೆ ಜನ ನಿಮಗೆ ಚಪ್ಪಾಳೆ ತಟ್ಟುತ್ತಾರೆ, ನನಗೆ ಬೈತಾರೆ."

"ಯಾರೂ ಬೈಯುದಿಲ್ಲ ಅಮ್ಮ" ಎಂದೆ.

"ನೀನು ಓದಿದವಳು. ನಿನಗೆ ಕೇಳುದಿಲ್ಲ. ನನಗೆ ಕೇಳ್ತದೆ."

ಎಡಗೈಯಲ್ಲೇ ಅನ್ನಕ್ಕಿಟ್ಟಳು. ಗಂಜಿ ಬಸಿಯುವಾಗ ಪಾತ್ರೆ ವಾಲಿ ಅವಳ ಪಾದದ ಮೇಲೆ ಚೆಲ್ಲಿತು. ಅಪ್ಪ ಹಾರಿ ಬಂದು ಪಾತ್ರೆ ಹಿಡಿದರು. "ನೀವಲ್ಲ" ಎಂದು ಅಮ್ಮ ಅವರ ಕೈಯಿಂದ ಅದನ್ನು ಬಿಡಿಸಿದಳು. ಪಾದದ ಮೇಲೆ ಬೊಬ್ಬೆ ಏಳುತ್ತಿತ್ತು. ಅವಳು ನನ್ನನ್ನು ನೋಡಿದಳು. ನಾನು ಹೆಗಲಿನ ಬ್ಯಾಗ್ ತೆಗೆದು ಮೊಳೆಗೆ ಹಾಕಿದೆ.

ಹೆಣ್ಣು-ಗಂಡು ಸಮಾನರು ಎಂದು ಕಾಲೇಜಿನಲ್ಲಿ ಭಾಷಣ ಮಾಡಿ ಕಪ್ ಗೆದ್ದು ತಂದವಳು ನಾನು. ಆ ಕಪ್ಪಿನಲ್ಲಿ ಅಮ್ಮ ಸೌಟುಗಳನ್ನು ನಿಲ್ಲಿಸಿದ್ದಾಳೆ. ಅವತ್ತು ಅದರಿಂದ ಒಂದು ಸೌಟು ತೆಗೆದುಕೊಳ್ಳುವಾಗ ಯಾರ ಮೇಲಾದರೂ ರೇಗಬೇಕು ಅನ್ನಿಸಿತು. ಅಪ್ಪನ ಮೇಲೆ ರೇಗೋಣವೆಂದರೆ ಅವರು ಮಾಡಲು ಬಂದಿದ್ದರು. ಅಮ್ಮನ ಮೇಲೆ ರೇಗೋಣವೆಂದರೆ ಅವಳ ಪಾದಕ್ಕೆ ನಾನೇ ಮುಲಾಮು ಹಚ್ಚಿದ್ದೆ. ಅತ್ತೆ ದಹಿಸರಿನಲ್ಲಿದ್ದರು, ಅವರ ಮನೆಯ ಒಲೆಯ ಮುಂದೆ.

ನಾಲ್ಕೈದು ದಿನ ಸುಳ್ಳು ಜ್ವರ ಹೇಳಿದೆ. ಆಮೇಲೆ ಆಫೀಸಿನ ಮೇಡಂ ತಾವೇ ಫೋನ್ ಮಾಡಿದರು. ಒಳ್ಳೆಯ ಹೆಂಗಸು, ನನ್ನ ಕೆಲಸ ಮೆಚ್ಚಿದ್ದವರು. ನಿಜ ಹೇಳಿದೆ. ಅವರು ಹಿಂದಿಯಲ್ಲಿ ಕೇಳಿದರು: ಮನೆಯಲ್ಲಿ ಅಡುಗೆ ಮಾಡುವವರು ಬೇರೆ ಯಾರೂ ಇಲ್ಲವೇ?

ಅಪ್ಪ ಹೊಸ್ತಿಲ ಮೇಲೆ ನನಗೆ ಬೆನ್ನು ಹಾಕಿ ಕುಳಿತಿದ್ದರು. ಅರ್ಧ ಘಾಟ್ಕೋಪರಿಗೆ ಉಣಿಸಿದ ಕೈಗಳೆರಡೂ ಮಡಿಲಲ್ಲಿದ್ದವು. ಅವರಿಗೆ ಹಿಂದಿ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

"ನಹೀಂ ಮೇಡಂ" ಎಂದೆ. "ಕೋಯಿ ನಹೀಂ."

ಹಾಗಾದರೆ ಒಂದು ದಿನ ಬಂದು ಕಾರ್ಡ್ ವಾಪಸು ಕೊಟ್ಟು ಹೋಗು ಎಂದರು. ಹೇಳುವಾಗ ಅವರ ದನಿಯೂ ಇಳಿದಿತ್ತು. ಫೋನ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

"ಸಾಸಿವೆ ಸೀಯ್ತಾ ಉಂಟು ಮಗಾ" ಎಂದರು ಅಪ್ಪ, ಬೀದಿ ನೋಡುತ್ತಲೇ. "ಉರಿ ಸಣ್ಣ ಮಾಡು."