ಬೆರಳಿಗೆ ಸಿಗದ ಬೆಸುಗೆ

ಮೊನ್ನೆ ಪಕ್ಕದ ಮನೆಯವರು ತಮ್ಮ ತೋಟದ ಕಿತ್ತಳೆ ಹಣ್ಣು ಒಂದು ಚೀಲ ಕೊಟ್ಟುಹೋದರು. ಸುಲಿಯೋಣವೆಂದು ಒಂದನ್ನು ಕೈಗೆತ್ತಿಕೊಂಡೆ. ಸಿಪ್ಪೆಯ ಮೇಲೆ ಹೆಬ್ಬೆರಳು ಆಡಿತು, ಅಷ್ಟೆ. ತಿನ್ನುವ ಮನಸ್ಸೇ ಹೋಯಿತು. ನಗಬೇಡಿ. ಕಿತ್ತಳೆ ಸಿಪ್ಪೆ ಮುಟ್ಟಿದರೆ ಸಿಟ್ಟು ಬರುವ ಹೆಂಗಸು ಈ ಸಕಲೇಶಪುರದಲ್ಲಿ ನಾನೊಬ್ಬಳೇ ಇರಬೇಕು. ಹಣ್ಣನ್ನು ಚೀಲಕ್ಕೆ ವಾಪಸು ಹಾಕಿ, ಪೇಪರ್ ಓದುತ್ತಿದ್ದ ಯಜಮಾನರ ಮುಂದೆ ಇಟ್ಟು, ‘ನೀವೇ ಸುಲ್ಕೊಳ್ಳಿ’ ಎಂದೆ. ಅವರು ತಲೆ ಎತ್ತಲಿಲ್ಲ. ಎತ್ತಲೇಬೇಕಾಗಿದ್ದ ದಿನವೇ ಎತ್ತದವರು ಕಿತ್ತಳೆಗೆ ಎತ್ತುತ್ತಾರೆಯೇ?

ಆ ದಿನ ಯಾವುದು ಎಂದು ನಿಮಗೆ ಹೇಳಬೇಕಾದರೆ ಮೊದಲು ನಮ್ಮ ಅಣ್ಣ ಕಾಂತಣ್ಣನನ್ನು ಪರಿಚಯಿಸಬೇಕು. ನಮ್ಮ ತವರು ಕುಂದೂರಿನ ಕಡೆ. ಭತ್ತ, ರಾಗಿ, ಆಲೂಗೆಡ್ಡೆಯ ಮನೆ. ಅಂಥ ಮನೆಯಲ್ಲಿ ಹುಟ್ಟಿದವನಿಗೆ ಹಳೇ ಕಾರಿನ ಹುಚ್ಚು ಎಲ್ಲಿಂದ ಹತ್ತಿತೋ ಕಾಣೆ. ಆನೇಮಹಲ್‌ನಲ್ಲಿ ಹೆದ್ದಾರಿ ಪಕ್ಕ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದ. ಹೊಟ್ಟೆಪಾಡಿಗೆ ಟ್ರ್ಯಾಕ್ಟರಿನ ಮಡ್‌ಗಾರ್ಡು, ಗೇಟು, ಔಷಧಿ ಹೊಡೆಯುವ ಪಂಪು. ಜೀವ ಮಾತ್ರ ಹಳೇ ಕಾರಿನ ಮೇಲೆ. ಕೆಲಸ ಚೆನ್ನಾಗಿ ಬರುತ್ತಿತ್ತು. ಅದನ್ನು ಅವನೇ ಎಲ್ಲರಿಗಿಂತ ಮೊದಲು ಹೇಳುತ್ತಿದ್ದ. ಚಹಾ ಕುಡಿಯಲು ನಿಂತ ಲಾರಿ ಡ್ರೈವರನ್ನೂ ಕೈ ಹಿಡಿದು ಎಳೆದುಕೊಂಡು ಹೋಗಿ, ತಾನು ಬೆಸುಗೆ ಹಾಕಿದ ಜಾಗದ ಮುಂದೆ ಕೂರಿಸಿ, ‘ಎಲ್ಲೈತೆ ಜಾಯಿಂಟು, ಬೆರಳಿಟ್ಟು ಹುಡುಕ್ರೀ! ಸಿಕ್ಕುದ್ರೆ ಮೀಸೆ ಬೋಳುಸ್ಬುಡ್ತೀನಿ’ ಎನ್ನುತ್ತಿದ್ದ. ಆ ಜಂಬ ಕಂಡು ನನಗೇ ನಾಚಿಕೆಯಾಗುತ್ತಿತ್ತು. ಮೀಸೆಯೇನೋ ಹಾಗೇ ಇತ್ತು.

ನನ್ನನ್ನು ಕೊಟ್ಟದ್ದು ಯಸಳೂರು ಹತ್ತಿರದ ಒಂದು ಎಸ್ಟೇಟ್ ಮನೆಗೆ. ದೊಡ್ಡ ತೋಟವೇನಲ್ಲ, ಆದರೆ ದೊಡ್ಡ ತೋಟದವರ ಗತ್ತು ಪೂರ್ತಿ ಇತ್ತು. ಮನೆಯ ಆಡಳಿತವೆಲ್ಲ ನಮ್ಮ ಬಾವನವರದು, ಅಂದರೆ ಯಜಮಾನರ ಅಣ್ಣನದು. ಕಾಫಿ ಸ್ಟೋರಿನ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ಮಾವನವರು ಕೊಂಡಿದ್ದ ಬೆಣ್ಣೆ ಬಣ್ಣದ ಕಾರು ವರ್ಷಾನುಗಟ್ಟಲೆ ಮಲಗಿತ್ತು. ಮಗಳ ಮದುವೆ ಗೊತ್ತಾದಾಗ ಬಾವನವರಿಗೆ ಒಂದು ಆಸೆ ಹುಟ್ಟಿತು: ಮದುಮಗಳು ಅಜ್ಜನ ಕಾರಿನಲ್ಲೇ ಗಂಡನ ಮನೆಗೆ ಹೋಗಬೇಕು. ಯಾರಿಗೆ ಕೊಡೋಣ ಎಂಬ ಮಾತು ಬಂದಾಗ ಬಾಯಿ ಹಾಕಿದವಳು ನಾನೇ. ತವರಿನವರ ಹೆಚ್ಚುಗಾರಿಕೆ ತೋರಿಸುವ ಅವಕಾಶ ಸಿಕ್ಕರೆ ಯಾವ ಸೊಸೆ ಬಿಡುತ್ತಾಳೆ?

ಅಣ್ಣ ಬೆಸುಗೆಯ ಯಂತ್ರ, ಕಂಪ್ರೆಸರು ಎಲ್ಲ ಬಾಡಿಗೆ ಜೀಪಿನಲ್ಲಿ ಹೇರಿಕೊಂಡು ಬಂದು ನಮ್ಮ ಸ್ಟೋರಿನಲ್ಲೇ ಕೆಲಸಕ್ಕೆ ಕೂತ. ಆ ಕಾಲದ ಕಾರುಗಳಿಗೆ ಬಾಗಿಲ ಕೆಳಗಿನ ಪಟ್ಟಿಗೂ ಡಿಕ್ಕಿಯ ನೆಲಕ್ಕೂ ರಬ್ಬರಿನಂಥ ಒಂದು ದಪ್ಪ ಲೇಪ ಹೊಡೆದು, ಅದರ ಮೇಲೆ ಬಣ್ಣ ಕೊಟ್ಟಿರುತ್ತಾರಂತೆ. ಚಕ್ರದಿಂದ ಸಿಡಿಯುವ ಕಲ್ಲು, ಕೆಸರು ತಗಡಿಗೆ ತಾಗಬಾರದು ಅಂತ. ನಯವಾಗಿರುವುದಿಲ್ಲ, ಮೈತುಂಬ ಸಣ್ಣ ಉಬ್ಬುತಗ್ಗು. ನೋಡುವುದಕ್ಕೆ ಗಟ್ಟಿಮುಟ್ಟಾಗಿತ್ತು. ಅಣ್ಣ ಸ್ಕ್ರೂಡ್ರೈವರ್ ತಂದು ಮೆಲ್ಲಗೆ ಒತ್ತಿದ. ಹಿಡಿಯವರೆಗೂ ಒಳಗೆ ಹೋಯಿತು. ‘ಕಾಪಾಡೋಕೆ ಹೊಡ್ದಿದ್ದೇ ತುಕ್ಕು ಬಚ್ಚಿಟ್ಕೊಂಡೈತೆ ಕಣವ್ವ’ ಎಂದ.

ಎರಡೂ ಕಡೆ ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆಯುವುದು ಅವನಿಗೆ ಕಷ್ಟವೇ ಅಲ್ಲ. ಕಷ್ಟವಾದದ್ದು ಆ ಲೇಪದ ಮೈಯನ್ನು ಹೊಂದಿಸುವುದು. ಸ್ಪ್ರೇ ಗನ್ನಿನಲ್ಲಿ ದೂರದಿಂದ ಹೊಡೆದರೆ ಪುಡಿಪುಡಿಯಾಗಿ ಕೂರುತ್ತದೆ, ಹತ್ತಿರದಿಂದ ಹೊಡೆದರೆ ಹನಿ ದಪ್ಪವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ತೆಳುವಾದರೆ ಇಳಿಯುತ್ತದೆ, ಗಟ್ಟಿಯಾದರೆ ಗನ್ನಿನ ಬಾಯಿ ಕಟ್ಟುತ್ತದೆ. ತುಂಡು ತಗಡುಗಳ ಮೇಲೆ ಹೊಡೆದು ಒಣಗಿಸಿ ಅಡುಗೆಮನೆ ಬಾಗಿಲಿಗೆ ತರುತ್ತಿದ್ದ. ನಾನು ಕೈ ತೊಳೆದು ಸ್ಟೋರಿಗೆ ಹೋಗಿ, ಕಣ್ಣು ಮುಚ್ಚಿ, ಒಂದು ಕೈ ಹಳೇ ಲೇಪದ ಮೇಲೆ, ಇನ್ನೊಂದು ಕೈ ತುಂಡಿನ ಮೇಲೆ ಇಟ್ಟು ಹೇಳಬೇಕು. ‘ಇದು ಉಪ್ಪಿಟ್ಟಿನ ರವೆ.’ ಮತ್ತೊಂದು ಬರುತ್ತಿತ್ತು. ‘ಇದು ಚಿರೋಟಿ ರವೆ.’ ಇನ್ನೊಂದು ಪೂರಾ ಹಾಗಲಕಾಯಿ. ‘ಕಣ್ಣು ಸುಳ್ಳು ಹೇಳ್ತದೆ ಕಣವ್ವ, ಬೆರಳು ಹೇಳಲ್ಲ’ ಎನ್ನುತ್ತಿದ್ದ. ನನ್ನ ಉಪ್ಪಿಟ್ಟನ್ನು ಆ ಮನೆಯಲ್ಲಿ ಯಾರೂ ಎರಡನೇ ಸಲ ಹಾಕಿಸಿಕೊಂಡವರಲ್ಲ; ರವೆ ಗುರುತಿಸುವ ನನ್ನ ಬೆರಳಿಗೆ ಬೆಲೆ ಕೊಟ್ಟವನು ಅವನೊಬ್ಬನೇ.

ಕಡೆಗೆ ಒಂದು ಮಧ್ಯಾಹ್ನ ತಂದ ತುಂಡು ಮುಟ್ಟಿದಾಗ ನನ್ನ ಎರಡು ಕೈಗೂ ವ್ಯತ್ಯಾಸ ತಿಳಿಯಲಿಲ್ಲ. ‘ಕಿತ್ತಳೆ ಸಿಪ್ಪೆ’ ಎಂದೆ. ‘ನಮ್ಮ ತೋಟದ್ದು. ಪೇಟೇಲಿ ಸಿಗೋ ಮೇಣ ಹಚ್ಚಿದ್ದಲ್ಲ.’ ಅಣ್ಣ ಕುಣಿಯುವುದೊಂದು ಬಾಕಿ. ಆಮೇಲೆ ಪಟ್ಟಿಗೂ ಡಿಕ್ಕಿಗೂ ಹೊಡೆದು ಬಣ್ಣ ಕೊಟ್ಟ ದಿನ ನಾನು ನೆಲದ ಮೇಲೆ ಕೂತು ಈ ಚಕ್ರದಿಂದ ಆ ಚಕ್ರದವರೆಗೆ ಬೆರಳು ಎಳೆದೆ. ಹಳೆಯದು ಎಲ್ಲಿ ಮುಗಿಯಿತು, ಅಣ್ಣನದು ಎಲ್ಲಿ ಶುರುವಾಯಿತು, ಗೊತ್ತಾಗಲಿಲ್ಲ. ಆ ದಿನದಷ್ಟು ಹೆಮ್ಮೆ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮದುವೆ ಮುಗಿಯಿತು, ಮದುಮಗಳು ಕಾರಿನಲ್ಲೇ ಹೋದಳು, ಎಲ್ಲರೂ ಹೊಗಳಿದರು. ಮಳೆ ಹಿಡಿಯುವ ಮುಂಚೆ ಅಡಿಕೆಗೆ, ಮೆಣಸಿಗೆ ಔಷಧಿ ಹೊಡೆಯುವ ಸಮಯ ಬಂತು. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ಔಷಧಿ. ನಮ್ಮ ಕಡೆ ಅದನ್ನು ಹೊಡೆಯುವ ಮುಂಚೆ ಡ್ರಮ್ಮಿನೊಳಗೆ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಚಾಕು ಕೆಂಪಗಾದರೆ ಮೈಲುತುತ್ತ ಇನ್ನೂ ಕಬ್ಬಿಣ ತಿನ್ನುತ್ತಿದೆ, ಸುಣ್ಣ ಸಾಲದು ಎಂದು ಅರ್ಥ. ಇದು ಕೂಲಿ ಲೈನಿನ ಮಕ್ಕಳಿಗೂ ಗೊತ್ತು. ಪ್ರತಿ ವರ್ಷ ನನ್ನ ಒಳ್ಳೆಯ ತರಕಾರಿ ಚಾಕು ಕೇಳದೆ ತೆಗೆದುಕೊಂಡು ಹೋಗಿ ಅದ್ದುತ್ತಿದ್ದವರು ನಮ್ಮ ಬಾವನವರೇ. ಅದೇ ಬಾವನವರು, ಆ ವರ್ಷ ಜೀಪು ಕೆಟ್ಟು ನಿಂತಿದೆಯೆಂದು, ಪೇಟೆಯಿಂದ ಮೈಲುತುತ್ತದ ಮೂಟೆಗಳನ್ನು ಆ ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು ಬಂದರು. ದಾರಿಯಲ್ಲಿ ಮಳೆ. ಮೂಟೆ ನೆನೆಯಿತು. ಇಳಿಸುವವರಿಲ್ಲದೆ ಒಂದು ವಾರ ಅಲ್ಲೇ ಇತ್ತು. ಆಮೇಲೆ ಗುದ್ದಲಿಯಲ್ಲಿ ಗೀರಿ ಎಳೆದು ಹಾಕಿದರು. ಡಿಕ್ಕಿಯಿಂದ ನೀಲಿ ನೀರು ತೊಟ್ಟಿಕ್ಕುವುದನ್ನು ನಾನು ಕಣ್ಣಾರೆ ಕಂಡೆ. ‘ಬಾವ, ಚೆನ್ನಾಗಿ ತೊಳಸ್ಬುಡಿ’ ಎಂದೆ. ‘ಆಯ್ತಮ್ಮ’ ಎಂದರು. ಟಾರ್ಪಾಲು ಮುಚ್ಚಿ ಮರೆತರು.

ದೀಪಾವಳಿ ಕಳೆದ ಮೇಲೆ ಬಾವನವರು ಕಾರು ಮಾರಲು ಹೊರಟರು; ನೋಡಲು ಡಾಕ್ಟರ್ ಲೋಬೊ ಬಂದರು. ಸಕಲೇಶಪುರದಲ್ಲಿ ಕ್ಲಿನಿಕ್ಕು, ಮೂಲ ಮಂಗಳೂರಿನ ಕಡೆ. ಅಲ್ಲಿನ ಮನೆಯಲ್ಲಿ ಅವರಪ್ಪನ ಎರಡು ಹಳೇ ಕಾರು ತುಕ್ಕು ಹಿಡಿಯುತ್ತಿದ್ದವು, ನಂಬಿಕೆಯ ಕೈ ಹುಡುಕುತ್ತಿದ್ದರು. ಕೆಲಸ ಚೆನ್ನಾಗಿದ್ದರೆ ಇದನ್ನು ಕೊಳ್ಳುವುದಲ್ಲದೆ ಆ ಎರಡನ್ನೂ ಅಣ್ಣನಿಗೇ ಒಪ್ಪಿಸುತ್ತೇನೆಂದು ಹೇಳಿ ಕಳಿಸಿದ್ದರು. ಅಣ್ಣ ಆಗಲೇ ಶೆಡ್ಡಿನಿಂದ ಟ್ರ್ಯಾಕ್ಟರ್ ಸಾಮಾನೆಲ್ಲ ಹೊರಗೆ ಹಾಕಿ ಎರಡು ಕಾರಿಗೆ ಜಾಗ ಮಾಡಿದ್ದ. ‘ಇನ್ಮೇಲೆ ಮಡ್‌ಗಾರ್ಡ್ ಮುಟ್ಟಲ್ಲ ಕಣವ್ವ. ಬರೀ ಹಳೇ ಕಾರು’ ಎಂದಿದ್ದ. ಹೊಸ ಶರ್ಟು ಹಾಕಿಕೊಂಡು ಬಂದಿದ್ದ ಆವತ್ತು.

ಬಾವನವರು ವ್ಯಾಪಾರದ ಮಾತಿಗೆ ನಿಂತು, ‘ಡಿಕ್ಕಿ ಒಂದು ಚೂರು ಕೆಲಸ ಆಗೈತೆ ಡಾಕ್ಟ್ರೆ. ಮಿಕ್ಕಿದ್ದೆಲ್ಲ ಕಂಪನಿಯಿಂದ ಬಂದಂಗೇ ಐತೆ, ಯಾರೂ ಕೈ ಹಚ್ಚಿಲ್ಲ’ ಎಂದರು. ತನ್ನ ಪಟ್ಟಿಯೂ ಕಂಪನಿಯದಾಯಿತಲ್ಲ ಎಂದು ಅಣ್ಣ ತುಟಿ ಕಚ್ಚಿ ನಗು ತಡೆದುಕೊಂಡ. ಡಾಕ್ಟರು ಬಗ್ಗಿ ಬಾಗಿಲ ಕೆಳಗಿನ ಪಟ್ಟಿ ಸವರಿ, ‘ಚಂದ ಉಂಟು’ ಎಂದು ತಲೆದೂಗಿದರು. ಆಮೇಲೆ ಡಿಕ್ಕಿ ತೆಗೆದರು. ಮೂಲೆಯಲ್ಲಿ ಲೇಪ ಎದ್ದು ಸುರುಳಿಯಾಗಿತ್ತು. ಡಾಕ್ಟರ ಬೆರಳು ತಗಡಿನಿಂದ ತೂರಿ ಕೆಳಗೆ ಬಂತು.

‘ಏನಯ್ಯ ಕಾಂತ, ಇದೇನಾ ನಿನ್ ಕೆಲ್ಸ?’ ಎಂದು ಬಾವನವರು ಕೂಗಿದರು. ‘ವರ್ಷ ತುಂಬಿಲ್ಲ, ತೂತು ಬಿದ್ದೋಯ್ತಲ್ಲಯ್ಯ!’

ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಆ ಮನೆಯಲ್ಲಿ ಗಂಡಸರ ನಡುವೆ ಸೊಸೆಯಂದಿರು ಮಾತಾಡುವ ಪದ್ಧತಿ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ‘ಬಾವ, ಅಲ್ಲಿ ನೀವು ಮೈಲುತುತ್ತದ ಮೂಟೆ ಇಟ್ಟಿದ್ರಲ್ಲ? ನೀಲಿ ನೀರು ಸೋರಿದ್ದು ನಾನೇ ನೋಡ್ದೆ. ಅದು ತಿಂದಿರೋದು’ ಎಂದೆ. ಬಾವನವರ ಮುಖ ಕಪ್ಪಿಟ್ಟಿತು. ಯಜಮಾನರು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಮೂಟೆ ಇಳಿಸಲು ಒಂದು ಕೈ ಕೊಟ್ಟವರು ಅವರೇ. ಒಂದು ಮಾತು ಸಾಕಿತ್ತು. ಹಾಳೆ ತಿರುವಿದರು.

ಅಣ್ಣ ಬಗ್ಗಿ ನೋಡಿದ. ಬೆಸುಗೆಯ ಗೆರೆಯುದ್ದಕ್ಕೂ ಹಸಿರು ನೀಲಿ ಪುಡಿ ಕೂತಿತ್ತು. ಅದನ್ನು ಬೆರಳಿನಲ್ಲಿ ತೆಗೆದ, ಹೊಸ ಶರ್ಟಿಗೆ ಒರೆಸಿಕೊಂಡ, ನನ್ನ ಕಡೆ ನೋಡಿದ, ಬಾವನವರ ಕಡೆ ನೋಡಿದ. ‘ಇಲ್ಲ ಸಾರ್. ಮೈಲುತುತ್ತ ಅಲ್ಲ’ ಎಂದ. ‘ಕೆಳಗಿನ ಪ್ರೈಮರು ಒಣಗೋ ಮುಂಚೆ ಮೇಲಿಂದು ಹೊಡೆದ್ಬುಟ್ಟೆ. ನಂದೇ ತಪ್ಪು. ನಮ್ಮುಡುಗಿಗೆ ಇವೆಲ್ಲ ಗೊತ್ತಾಗಲ್ಲ.’

ಡಾಕ್ಟರು ಕೈ ಒರೆಸಿಕೊಂಡು, ‘ಹಾಗಾದ್ರೆ ಬೇಡ ಬಿಡಿ’ ಎಂದಷ್ಟೇ ಹೇಳಿ ಹೋದರು. ಕಾರು ಬೇಡ, ಆ ಎರಡು ಕಾರಿನ ಮಾತೂ ಅಷ್ಟಕ್ಕೇ ಮುಗಿಯಿತು.

ಹಿತ್ತಲಿಗೆ ಹೋಗಿ ಅವನನ್ನು ಹಿಡಿದೆ. ‘ಯಾಕಣ್ಣ ಸುಳ್ಳು ಹೇಳ್ದೆ?’ ‘ನಾನು ಸಂಜೆ ಬಸ್ಸಿಗೆ ಹೋಗ್ಬುಡ್ತೀನಿ. ನೀನು ಈ ಮನೇಲೇ ಬಾಳ್ಬೇಕಲ್ಲವ್ವ’ ಎಂದ. ತ್ಯಾಗ ಮಾಡಿದವರ ಮುಖದಲ್ಲಿ ಒಂದು ಶಾಂತಿ ಇರುತ್ತದೆ, ನೋಡಿದ್ದೀರಾ? ಅದನ್ನು ಕಂಡರೆ ಮೈ ಉರಿಯುತ್ತದೆ. ನಾನು ಕೇಳಿದ್ದೆನೇ? ಬಾವನವರ ಕೋಪ ಹೆಚ್ಚೆಂದರೆ ಒಂದು ಮಳೆಗಾಲ ಇರುತ್ತಿತ್ತು. ಅಣ್ಣ ನನಗೆ ಕೊಟ್ಟುಹೋದದ್ದು ಅದಕ್ಕಿಂತ ಬಹಳ ದಿನ ಬಾಳಿತು.

ಏನೆಂದರೆ, ‘ಕಾಂತನ ಕೆಲಸ’ ಎಂಬುದು ಆ ಮನೆಯಲ್ಲಿ ಒಂದು ಮಾತಾಗಿಬಿಟ್ಟಿತು. ಕುರ್ಚಿಯ ಕಾಲು ಅಲುಗಿದರೆ ಕಾಂತನ ಕೆಲಸ. ಹೊಲಿಗೆ ಬಿಟ್ಟರೆ, ನಲ್ಲಿ ಸೋರಿದರೆ, ದೋಸೆ ಕಾವಲಿಗೆ ಹಿಡಿದರೆ ಕಾಂತನ ಕೆಲಸ. ಬಾವನವರು ಹೇಳಿ ನಗುತ್ತಿದ್ದರು, ಉಳಿದವರು ಕಲಿತರು. ಒಂದು ದಿನ ಶಾಲೆಯಿಂದ ಬಂದ ನನ್ನ ಮಗಳು, ‘ಅಮ್ಮ, ನನ್ನ ಬ್ಯಾಗಿನ ಜಿಪ್ಪು ಕಾಂತನ ಕೆಲಸ ಆಗೋಗಿದೆ’ ಎಂದಳು. ಕಾಂತ ಅಂದರೆ ತನ್ನ ಸೋದರಮಾವ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಆವತ್ತು ಅವಳಿಗೆ ಹೊಡೆದೆ. ಹೊಡೆಯಬೇಕಾಗಿದ್ದದ್ದು ಯಾರಿಗೆ ಎಂದು ಎಣಿಸಿದರೆ ಮೂರು ಗಂಡಸರಾಗುತ್ತಿದ್ದರು.

ಈಗ ಬಾವನವರಿಲ್ಲ. ಮನೆ ಪಾಲಾಗಿ ನಾವು ಪೇಟೆಗೆ ಬಂದು ಬಹಳ ಕಾಲವಾಯಿತು. ಕಾರನ್ನು ಬಾವನವರ ಮಗ ಕಡೆಗೆ ಅದೇ ಡಾಕ್ಟರಿಗೇ ಮಾರಿದ. ಅಣ್ಣ ಆಮೇಲೆ ಒಂದು ಹಳೇ ಕಾರನ್ನೂ ಮುಟ್ಟಲಿಲ್ಲ, ಯಾರೂ ತರಲೂ ಇಲ್ಲ. ಈಗ ಹೋಂಸ್ಟೇಗಳ ಸಿಮೆಂಟು ಗೋಡೆಗೆ ಕಲ್ಲಿನಂತೆ ಕಾಣುವ ಬಣ್ಣ ಹೊಡೆಯುತ್ತಾನೆ. ಅದೇ ಗನ್ನು, ಅದೇ ಕೈ. ಮೀಸೆ ಮುಂಚೆಯೇ ನೆರೆತಿತ್ತು, ಈಗ ಬೋಳಿಸಿದ್ದಾನೆ. ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಾನೆ. ನಾವು ಕಾರಿನ ಮಾತು ಎತ್ತುವುದಿಲ್ಲ.

ನಿನ್ನೆ ಭಾನುವಾರ. ಊಟ ಮುಗಿದಿತ್ತು. ಡಾಕ್ಟರ್ ಲೋಬೊ ಕೋಲೂರಿಕೊಂಡು ಬಂದರು, ಅಣ್ಣನನ್ನು ಹುಡುಕಿಕೊಂಡೇ. ಕೂತು ಸುಧಾರಿಸಿಕೊಂಡು ಹೇಳಿದರು: ‘ಕಾಂತ, ಒಂದು ವಿಷಯ ಕೇಳ್ಬೇಕಿತ್ತು ಮಾರಾಯ. ನಿಮ್ಮ ಆ ಕಾರು ಇಡೀ ಬಿಚ್ಚಿಸ್ತಾ ಇದ್ದೇನೆ. ಕೆಳಗೆಲ್ಲ ಹಾಳು. ಬಾಗಿಲಿನ ಕೆಳಗಿನ ಪಟ್ಟಿ ಮಾತ್ರ ಕಲ್ಲಿನ ಹಾಗೆ ಉಂಟು. ಒರಿಜಿನಲ್ ಅಂತ ನಾನು ಇಷ್ಟು ವರ್ಷ ನಂಬಿದ್ದು. ಮೊನ್ನೆ ಕೆರೆದು ನೋಡಿದ್ರೆ ಒಳಗೆ ಬೆಸುಗೆ! ಒಂದು ಚುಕ್ಕೆ ತುಕ್ಕಿಲ್ಲ. ಡಿಕ್ಕಿ ನೀನು ಮಾಡಿದ್ದು, ಅದು ಗೊತ್ತುಂಟು. ಇದು ಯಾರು ಮಾಡಿದ್ದು? ನೀನು ಆಗ ಅಲ್ಲೇ ಇದ್ದೆಯಲ್ಲ?’

ಅಣ್ಣ ತನ್ನ ಅಂಗೈ ನೋಡಿಕೊಂಡ. ಆಮೇಲೆ, ‘ಗೊತ್ತಿಲ್ಲ ಸಾರ್’ ಎಂದ. ‘ನನಗಿಂತ ಮುಂಚೆ ಯಾರೋ ಮಾಡಿರ್ಬೇಕು.’

‘ಯಾರೋ ಏನೋ, ದೊಡ್ಡ ಕೆಲಸಗಾರ ಅವ’ ಎಂದರು ಡಾಕ್ಟರು.

ಆಗ ಅಣ್ಣ ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಏನಿತ್ತೆಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ತಾನಾಗಿ ಹೇಳಿಕೊಳ್ಳುವ ದಾರಿ ಅವನಿಗೆ ಉಳಿದಿರಲಿಲ್ಲ; ಪಟ್ಟಿ ತನ್ನದು ಎಂದರೆ ಡಿಕ್ಕಿಯ ನಿಜವನ್ನೂ ಬಿಚ್ಚಿ ಹೇಳಬೇಕು, ತಾನು ಸುಳ್ಳುಗಾರ ಎನ್ನಬೇಕು. ನಾನು ಹೇಳಲಿ ಎಂದು ಕಾಯುತ್ತಿದ್ದ. ಆವತ್ತಿನ ಹಾಗೆ ತಡೆಯಲಾರದೆ ಬಾಯಿ ಹಾಕಲಿ, ಈ ಸಲ ತಾನು ಅಲ್ಲಗಳೆಯುವುದಿಲ್ಲ ಎಂದು ಆ ಮುಖ ಬೇಡುತ್ತಿತ್ತು. ಮಾತು ನನ್ನ ಗಂಟಲಿಗೂ ಬಂತು. ಅದರ ಹಿಂದೆಯೇ ‘ನಮ್ಮುಡುಗಿಗೆ ಇವೆಲ್ಲ ಗೊತ್ತಾಗಲ್ಲ’ ಎಂಬ ಮಾತೂ ಬಂತು.

‘ಡಾಕ್ಟ್ರೆ, ಕಾಫಿ ಕುಡೀತೀರಾ?’ ಎಂದು ಎದ್ದೆ.

ಡಾಕ್ಟರು ಹೋದ ಮೇಲೆ ಅಣ್ಣ ಅವರ ಕಾಫಿ ಲೋಟ ಎತ್ತಿ ಒಳಗೆ ತಂದಿಟ್ಟ. ‘ಹೇಳ್ಬೋದಾಗಿತ್ತಲ್ಲವ್ವ’ ಎಂದ.

‘ಹೇಳಿದ್ನಲ್ಲಣ್ಣ, ಹೇಳ್ಬೇಕಾದ ದಿನ’ ಎಂದೆ.

ಅವನು ಚಪ್ಪಲಿ ಮೆಟ್ಟಿಕೊಂಡು, ಹೋಗಿಬರ್ತೀನಿ ಎನ್ನದೆ ಮೆಟ್ಟಿಲಿಳಿದ. ಗೆದ್ದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಇಷ್ಟು ವರ್ಷ ನಮ್ಮಿಬ್ಬರಲ್ಲಿ ಕ್ಷಮಿಸಬೇಕಾದವಳು ನಾನೊಬ್ಬಳೇ ಆಗಿದ್ದೆ. ನಿನ್ನೆಯಿಂದ ಅವನೂ ಆಗಿದ್ದಾನೆ.