ಜಾರ್ಜಪ್ಪ ಮಾಸ್ತರರ ಹಾಡು

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗವಿದ್ದ ಕಾಲ ಅದು. ಬೆಳಗಾದರೆ ನೂಲಿಗೆ ಹಚ್ಚುವ ಗಂಜಿಯ ವಾಸನೆ, ಹಂಚಿನ ಮೇಲಿನ ಜೋಳದ ರೊಟ್ಟಿಯ ವಾಸನೆ ಬೆರೆತು ಬರುತ್ತಿದ್ದವು. ನಾವು ಹುಡುಗಿಯರು ಅಂಗಳದಲ್ಲಿ ಕುಂಟಾಟ ಆಡುವಾಗ ಮೂಲೆಮನೆಯಿಂದ ಜಾರ್ಜಪ್ಪ ಮಾಸ್ತರರ ಹಾರ್ಮೋನಿಯಂ ಪೇಟಿ ಕೇಳಿಸಿತೆಂದರೆ ಆಟ ಅಲ್ಲಿಗೇ ಬಿಟ್ಟು ಓಡುತ್ತಿದ್ದೆವು.

ಮಾಸ್ತರರ ತಂದೆ ರೈಲುದಾರಿ ಹಾಕಿಸಲು ಬಂದಿದ್ದ ಇಂಗ್ಲಿಷ್ ಸಾಹೇಬ, ತಾಯಿ ಇಲ್ಲೇ ಹತ್ತಿರದ ಮುಶಿಗೇರಿಯವಳು. ಸಾಹೇಬ ಮಗನನ್ನು ವಿಲಾಯತಿಗೆ ಒಯ್ದು ಅಲ್ಲಿಯ ಶಾಸ್ತ್ರೀಯ ಸಂಗೀತ ಕಲಿಸಿದ. ದೊಡ್ಡ ದೊಡ್ಡ ವಾದ್ಯಮೇಳಗಳಿಗೆ ಸಂಗೀತ ಬರೆಯುವಷ್ಟು ಬೆಳೆದರೂ ಅಲ್ಲಿಯವರ ಪಾಲಿಗೆ ಇವರು ಕರಿಯನೇ. ತಾಯಿಯನ್ನು ನೋಡಲು ಬಂದವರು ಇಲ್ಲೇ ಉಳಿದರು. ಬೆಕ್ಕಿನ ಕಣ್ಣು ಕಂಡು ನಮ್ಮೂರಿನವರು ಬಿಳಿಯ ಎಂದರು. ಊರ ಬಾಯಿ ಮುಚ್ಚುವವರು ಯಾರು? ಮಾಸ್ತರರು ನಾಟಕದವರಿಗೆ ಪೇಟಿ ಬಾರಿಸಿ ಹೊಟ್ಟೆ ಹೊರೆದರು.

ಒಂದು ಚಳಿಗಾಲ ಅವರು ನಮ್ಮವ್ವನ ಮಗ್ಗದ ಪಕ್ಕ ದಿನಾಲೂ ಕುಳಿತು, ಲಾಳಿಯ ಓಡಾಟಕ್ಕೆ ಹೊಂದಿಸಿ ಒಂದು ಹಾಡು ಕಟ್ಟಿದರು. ಮಾತೂ ಅವರದೇ, ಧಾಟಿಯೂ ಅವರದೇ. ಶಾಲೆಯ ಗ್ಯಾದರಿಂಗಿನಲ್ಲಿ ಹಾಡಲೆಂದು ಅದನ್ನು ನಮಗೆ ಕಲಿಸಿದರು. ಅದಕ್ಕೆ ಅವರು ಬೇಡಿದ್ದು ಒಂದೇ.

"ಹಾಡೂಕಿಂತ ಮೊದಲ ನನ್ನ ಹೆಸರ ಹೇಳಸ್ರಿ. ಈ ಊರಾಗ ಒಮ್ಮೆರ ಅದನ್ನ ಕೇಳಬೇಕ ನಾ."

ನಾನೇ ಹೋಗಿ ಹೆಡ್ ಮಾಸ್ತರರಿಗೆ ಹೇಳಿದೆ. ನೇಕಾರರ ಹಾಡಿಗೆ ಇಂಗ್ಲಿಷರವನ ಹೆಸರು ಹೇಳಿದರೆ ಮಂದಿ ನಗುತ್ತಾರೆ ಎಂದು ಅವರೇ ನಕ್ಕುಬಿಟ್ಟರು. ಮೈಕಿನಲ್ಲಿ 'ನಮ್ಮ ಹಿರಿಯರ ಕಾಲದ ಜನಪದ ಗೀತೆ' ಎಂದು ಸಾರಿದರು. ನಾವು ಹಾಡಿದೆವು, ಚಪ್ಪಾಳೆಯೋ ಚಪ್ಪಾಳೆ. ಮುಂದೆ ಕುಳಿತಿದ್ದ ಮುದುಕನೊಬ್ಬ ತನ್ನಜ್ಜಿ ಇದನ್ನೇ ಹಾಡುತ್ತಿದ್ದಳೆಂದು ಕಣ್ಣೊರೆಸಿಕೊಂಡ. ಹುಟ್ಟಿ ತಿಂಗಳಾಗದ ಹಾಡಿಗೆ ಅಜ್ಜಿ ಬೇರೆ! ನನಗೆ ಮೈಯೆಲ್ಲ ಉರಿಯಿತು.

ಹಿಂದಿನ ಸಾಲಿನಲ್ಲಿದ್ದ ಮಾಸ್ತರರು ಆಗಲೇ ಎದ್ದು ಹೋಗಿದ್ದರು. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ಅವರು ಬುತ್ತಿ ಇಸಿದುಕೊಂಡರು, ಬಿಚ್ಚಲಿಲ್ಲ.

"ಹಾಡು ಈ ಊರಿನದಾತು, ತಂಗೆವ್ವ. ನಾ ಮಾತ್ರ ಹೊರಗಿನಾಂವ ಉಳದೆ."

ಆಮೇಲೆ ಅವರು ಹೊಸ ಹಾಡು ಕಟ್ಟಲಿಲ್ಲ. ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ.

ಓಣಿಯಲ್ಲಿ ಈಗ ಮಗ್ಗದ ಸದ್ದು ಅಪರೂಪ. ಹಾಡು ಮಾತ್ರ ಮದುವೆ ಮನೆಗಳಲ್ಲಿ, ಮೊಬೈಲುಗಳಲ್ಲಿ ಚಲೋ ಓಡುತ್ತಿದೆ. ಮೊನ್ನೆ ಇಟಗಿಯ ಮದುವೆಯೊಂದರಲ್ಲಿ ಅದನ್ನು ಹಾಡಿದ ಹೆಣ್ಣುಮಗಳ ಹತ್ತಿರ ಹೋಗಿ ಮಾಸ್ತರರ ಕಥೆ ಪೂರ್ತಿ ಹೇಳಿದೆ. ಪಾಪ, ಮರ್ಯಾದೆಯಿಂದಲೇ ಕೇಳಿಸಿಕೊಂಡಳು.

"ಇದು ಜನಪದ ಐತ್ರಿ ಅಜ್ಜಿ. ಜನಪದಕ್ಕ ಕಟ್ಟಿದವರ ಹೆಸರ ಎಲ್ಲಿರತೈತ್ರಿ?" ಎಂದಳು.

ಅಂದು ನನ್ನ ಜೊತೆ ಹಾಡಿದವರಲ್ಲಿ ಯಾರೂ ಈಗ ಇಲ್ಲ. ನಾನೊಬ್ಬಳು ಕಣ್ಣು ಮುಚ್ಚಿದರೆ ಸಾಕು, ಆಕೆಯ ಮಾತು ಖರೇ ಆಗಿಬಿಡುತ್ತದೆ.